ಮೀನಖಂಡ ಅದುರಿದರೆ ಯಾವ ಶಕುನ?

ನಮ್ಮಜ್ಜಿಯ ಹತ್ರ ಮೈಯಲ್ಲಿ ಅದುರೋದಕ್ಕೆಲ್ಲ ಒಂದೊಂದು ಅರ್ಥ ಇತ್ತು. ಗಂಡಸಿಗೆ ಬಲಗಣ್ಣು ಅದುರಿದರೆ ಒಳ್ಳೇದು, ಹೆಂಗಸಿಗೆ ಎಡಗಣ್ಣು. ಅಂಗೈ ಕಡಿದರೆ ದುಡ್ಡು, ಅಂಗಾಲು ಕಡಿದರೆ ಪ್ರಯಾಣ. ಅಪಶಕುನವೇ ಆಯ್ತು ಅನ್ನಿ, ಅದಕ್ಕೂ ಅವಳ ಹತ್ರ ಪರಿಹಾರ ಇತ್ತು. ಅದುರುವ ರೆಪ್ಪೆಯ ಮೇಲೆ ಎಂಜಲು ಹಚ್ಚಿ ಒಂದು ಚೂರು ಹುಲ್ಲುಕಡ್ಡಿ ಅಂಟಿಸಿ, "ಹೋಗು, ದನ ಬಿಚ್ಚು" ಅಂತಿದ್ದಳು. ಎರಡು ನಿಮಿಷದ ಕೆಲಸ. ಭಯ ಅಲ್ಲಿಗೆ ಮುಗೀತು.

ಮೀನಖಂಡ ಅದುರಿದರೆ ಏನು ಅಂತ ಮಾತ್ರ ಅಜ್ಜಿ ಹೇಳಿಕೊಟ್ಟಿರಲಿಲ್ಲ. 2023ರಲ್ಲಿ ಒಂದು ರಾತ್ರಿ, ರಿಲೀಸ್ ಮುಗಿಸಿ ಕುರ್ಚಿ ಮೇಲೆ ಕಾಲು ಚಾಚಿದಾಗ, ಎಡಗಾಲಿನ ಮೀನಖಂಡದಲ್ಲಿ ಏನೋ ಕದಲಿದ ಹಾಗಾಯ್ತು. ನೋಡಿದರೆ ಚರ್ಮದ ಕೆಳಗೆ ಸಣ್ಣಗೆ ಬಡಿದುಕೊಳ್ತಿದೆ, ಕೆರೆ ದಂಡೆಯ ಕಪ್ಪೆಯ ಗಂಟಲು ಬಡಿದುಕೊಳ್ಳೋ ಹಾಗೆ. ನೋವಿಲ್ಲ, ಉರಿಯಿಲ್ಲ. ಆಗ ಹನ್ನೊಂದೂವರೆ. ಹನ್ನೆರಡೂ ಕಾಲಿಗೆಲ್ಲ ನನಗೆ ಮೋಟಾರ್ ನ್ಯೂರಾನ್ ಡಿಸೀಸ್ ಬಂದಿದೆ ಅಂತ ತೀರ್ಮಾನ ಆಗಿಹೋಗಿತ್ತು. ಸ್ಟೀಫನ್ ಹಾಕಿಂಗ್‌ಗೆ ಬಂದಿದ್ದ ಕಾಯಿಲೆ. ಪಕ್ಕದ ರೂಮಿನಲ್ಲಿ ಹೆಂಡತಿ, ಮಗಳು ಮಲಗಿದ್ದರು. ಮನೆ ಸಾಲದ ಇಎಂಐ ಇನ್ನೂ 17 ವರ್ಷ ಇತ್ತು.

ಆಮೇಲಿನ ಮೂರು ತಿಂಗಳು ನಾನು ಮಾಡಿದ್ದನ್ನು ಹೇಳಿದರೆ ನಗ್ತೀರಿ, ನಗಿ. ಬೆಳಗ್ಗೆ ಎದ್ದ ಕೂಡಲೇ ಟೈಲರ್ ಟೇಪ್ ತಗೊಂಡು ಎರಡೂ ಮೀನಖಂಡದ ಸುತ್ತಳತೆ ನೋಡೋದು. ಬಾತ್‌ರೂಮಿನಲ್ಲಿ ಒಂಟಿಕಾಲಲ್ಲಿ ನಿಲ್ಲೋದು. ಕನ್ನಡಿ ಮುಂದೆ ನಾಲಿಗೆ ಚಾಚಿ, ಅದು ನಡುಗ್ತಿದೆಯಾ ಅಂತ ಟಾರ್ಚ್ ಬಿಟ್ಟು ನೋಡೋದು. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ. ಒಂದಿನ ಹಿಂದೆ ತಿರುಗಿ ನೋಡ್ತೀನಿ, ನಾಲ್ಕು ವರ್ಷದ ಮಗಳೂ ಹಿಮ್ಮಡಿ ಮೇಲೆ ನಡೀತಾ ಬರ್ತಿದ್ದಾಳೆ. ಅವಳಿಗೆ ಅದು ಹೊಸ ಆಟ. ನಗೋಣ ಅಂದ್ರೆ ಗಂಟಲು ಕಟ್ಟಿತು.

ಇಂಥ ಸ್ಥಿತಿಯಲ್ಲಿರೋ ಮನುಷ್ಯನಿಗೆ ನಮ್ಮ ಊರು, ನಮ್ಮ ಕಾಲ ಕೊಡೋದು ಎರಡೇ ಉತ್ತರ. ಒಂದು, "ಏನೂ ಇಲ್ಲ ಬಿಡೋ, ಜಾಸ್ತಿ ಯೋಚ್ನೆ ಮಾಡ್ತೀಯ." ಇನ್ನೊಂದು, "ಒಂದು ಫುಲ್ ಬಾಡಿ ಚೆಕಪ್ ಮಾಡಿಸಿಬಿಡು, ಮನಸ್ಸಿಗೆ ಸಮಾಧಾನ." ಮೊದಲನೆಯದು ತಮಾಷೆ, ಎರಡನೆಯದು ವ್ಯಾಪಾರ. ಎರಡೂ ಮನುಷ್ಯನನ್ನು ಕೆಡಿಸ್ತವೆ ಅನ್ನೋದೇ ಈ ಲೇಖನದ ತಕರಾರು. ಎರಡನೆಯದರ ಮೇಲೆ ನನ್ನ ಸಿಟ್ಟು ಹೆಚ್ಚು. ಯಾಕೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲು ನನಗೇನಾಯ್ತು ನೋಡಿ. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಕಾಲು ಮುಟ್ಟಲಿಲ್ಲ, "ಐಟಿನಾ? ಟೆನ್ಶನ್" ಅಂದು ಬಿ12 ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದಾಗ ಭಯ ಇಮ್ಮಡಿಯಾಗಿತ್ತು. ಮುಟ್ಟಿಯೂ ನೋಡದವರು "ಏನೂ ಇಲ್ಲ" ಅಂದ್ರೆ ಯಾವ ಧೈರ್ಯ ಬರುತ್ತೆ? ಆಮೇಲೆ ಒಬ್ಬ ನ್ಯೂರಾಲಜಿಸ್ಟ್ ಸಿಕ್ಕಿದರು. ಪ್ಯಾಂಟ್ ಮಡಚಿಸಿ ಕೂರಿಸಿದರು, ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದರು, ಪಾದವನ್ನು ಹಿಡಿದು "ಒತ್ತಿ, ಎಳೀರಿ" ಅಂದರು. ಇಪ್ಪತ್ತು ನಿಮಿಷ. ಕೊನೆಗೆ ಹೇಳಿದ್ದು ಇಷ್ಟು: "ಅದುರೋದು ಮುಖ್ಯ ಅಲ್ಲ, ಬಲ ಕುಂದೋದು ಮುಖ್ಯ. ನಿಮ್ಮ ಕಾಲಲ್ಲಿ ಬಲ ಪೂರ್ತಿ ಇದೆ. ನಿದ್ದೆ ಕಮ್ಮಿ, ಕಾಫಿ ಜಾಸ್ತಿ, ಅದರ ಮೇಲೆ ಭಯ. ಆರೋಗ್ಯವಾಗಿರೋ ಎಷ್ಟೋ ಜನಕ್ಕೆ ಅದುರುತ್ತೆ. ಅವರು ನೋಡಿಕೊಳ್ಳಲ್ಲ, ನೀವು ನೋಡ್ಕೋತಿದ್ದೀರಿ."

ಅದು ಪೂರ್ತಿ ನಿಜವಾದ ಉತ್ತರ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಹೀಗೆ ಬರೀ ಸ್ನಾಯು ಅದುರುವ 121 ಜನರನ್ನು 2ರಿಂದ 32 ವರ್ಷಗಳವರೆಗೆ ಗಮನಿಸಿ 1993ರಲ್ಲಿ ವರದಿ ಪ್ರಕಟಿಸಿದ್ದಾರೆ. ಅವರಲ್ಲಿ ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬರಲಿಲ್ಲ. ಇದನ್ನೂ ನಾನು ಓದಿದೆ. ಎಷ್ಟು ದಿನ ನೆಮ್ಮದಿ ಸಿಕ್ಕಿತು ಗೊತ್ತಾ? ಒಂಬತ್ತು ದಿನ. ಹತ್ತನೇ ದಿನ ಬಲಗೈ ಹೆಬ್ಬೆರಳು ಅದುರಿತು. "ಡಾಕ್ಟರು ಕಾಲು ನೋಡಿದ್ರು, ಕೈ ಎಲ್ಲಿ ನೋಡಿದ್ರು?" ಅಂತ ತಲೆ ಕೇಳಿತು.

ನಮ್ಮೂರಲ್ಲಿ ಮೀಟರ್ ಬಡ್ಡಿಗೆ ಸಾಲ ತಗೊಂಡವರನ್ನು ನಾನು ನೋಡಿದ್ದೀನಿ. ಸಾಲ ಕೈಗೆ ಬಂದ ದಿನ ಅವರಷ್ಟು ಸುಖಿ ಯಾರೂ ಇಲ್ಲ. ವಾರ ಕಳೆದರೆ ಬಡ್ಡಿ ಕಟ್ಟೋಕೆ ಇನ್ನೊಂದು ಸಾಲ ಬೇಕು. ಭಯಕ್ಕೆ ಟೆಸ್ಟಿನಿಂದ ಸಿಗೋ ಸಮಾಧಾನವೂ ಅಂಥದ್ದೇ ಕೈಸಾಲ. ಪ್ರತಿ ಸಲ ತಗೊಂಡಾಗ ಮುಂದಿನ ಸಲಕ್ಕೆ ಇನ್ನೂ ದೊಡ್ಡದು ಬೇಕಾಗುತ್ತೆ. ಮೊದಲು ಡಾಕ್ಟರ ಮಾತು ಸಾಕಿತ್ತು, ಆಮೇಲೆ ಸೂಜಿ ಚುಚ್ಚೋ ಇಎಂಜಿ ಬೇಕಾಯ್ತು, ಅದು ನಾರ್ಮಲ್ ಬಂದ ಮೇಲೆ ಎಂಆರ್‌ಐ. ಹೀಗೆ 40 ಸಾವಿರ ಕರಗಿದ ಮೇಲೂ ನಾನು ಇದ್ದದ್ದು ಟೇಪ್ ಹಿಡಿದುಕೊಂಡು, ಅದೇ ಬಾತ್‌ರೂಮಿನಲ್ಲಿ.

ಈಗ ವ್ಯಾಪಾರಕ್ಕೆ ಬರೋಣ. ಫೋನ್ ತೆರೆದರೆ ಜಾಹೀರಾತು: 72 ಟೆಸ್ಟ್, 999 ರೂಪಾಯಿ, ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ. ಮೊದಲನೇ ಮೋಸ ಆ 72ರಲ್ಲೇ ಇದೆ. ಸಿಬಿಸಿ ಅನ್ನೋ ಮಾಮೂಲಿ ರಕ್ತಪರೀಕ್ಷೆ ಒಂದೇ, ಆದರೆ ಅದರಲ್ಲಿ ಬರೋ ಇಪ್ಪತ್ತು ಚಿಲ್ಲರೆ ಸಂಖ್ಯೆಗಳನ್ನು ಇಪ್ಪತ್ತು ಚಿಲ್ಲರೆ ಟೆಸ್ಟ್ ಅಂತ ಎಣಿಸ್ತಾರೆ. ಒಂದು ತೆಂಗಿನಕಾಯಿ ಒಡೆದು ಸಿಪ್ಪೆ, ಚಿಪ್ಪು, ನೀರು, ತಿರುಳು ಅಂತ ನಾಲ್ಕು ಐಟಂ ಬರೆದ ಹಾಗೆ.

ಎರಡನೆಯದು ಲೆಕ್ಕದ್ದು. ಬಿಇಯಲ್ಲಿ ಓದಿದ ಸಂಭವನೀಯತೆ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಹೆಚ್ಚಿನ ಲ್ಯಾಬ್ ರಿಪೋರ್ಟುಗಳಲ್ಲಿ ಪಕ್ಕದ ಕಾಲಂನಲ್ಲಿರೋ 'ನಾರ್ಮಲ್ ರೇಂಜ್' ಎಲ್ಲಿಂದ ಬರುತ್ತೆ? ಆರೋಗ್ಯವಂತರ ರಕ್ತ ಪರೀಕ್ಷಿಸಿ, ನಡುವಿನ ಶೇ. 95 ಜನರ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಬರುತ್ತೋ ಅದನ್ನೇ ರೇಂಜ್ ಅಂತ ಇಡ್ತಾರೆ. ಅಂದ್ರೆ ಏನೂ ಕಾಯಿಲೆಯಿಲ್ಲದ ನೂರು ಜನರಲ್ಲಿ ಐದು ಜನ, ಆ ವ್ಯಾಖ್ಯೆಯ ಪ್ರಕಾರವೇ, ರೇಂಜಿನ ಹೊರಗೆ. ಈಗ ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿ. ಇಪ್ಪತ್ತೂ ನಾರ್ಮಲ್ ಬರೋ ಸಾಧ್ಯತೆ ಶೇ. 36 ಮಾತ್ರ. ಮಿಕ್ಕ ಶೇ. 64ರಷ್ಟು ಜನಕ್ಕೆ ಕನಿಷ್ಠ ಒಂದಾದರೂ ಕೆಂಪಕ್ಷರ. ನಿಜವಾದ ಟೆಸ್ಟುಗಳು ಒಂದಕ್ಕೊಂದು ಸ್ವಲ್ಪ ಅಂಟಿಕೊಂಡಿರ್ತವೆ, ಹಾಗಾಗಿ ಲೆಕ್ಕ ಅಷ್ಟು ನೇರ ಅಲ್ಲ. ಆದರೂ ದಿಕ್ಕು ಅದೇ. ಟೆಸ್ಟ್ ಹೆಚ್ಚಿದಷ್ಟೂ ಸುಳ್ಳು ಕೆಂಪು ಹೆಚ್ಚುತ್ತೆ.

ನನ್ನ ರಿಪೋರ್ಟಿನಲ್ಲಿ ಮೂರು ಕೆಂಪು ಬಂದಿದ್ದವು. ರಿಪೋರ್ಟ್ ಬಂದ ಅರ್ಧ ಗಂಟೆಗೆ ಫೋನು: "ಸರ್, ಮೂರು ಪ್ಯಾರಾಮೀಟರ್ ಅಬ್‌ನಾರ್ಮಲ್ ಇದೆ, ಅಡ್ವಾನ್ಸ್ಡ್ ಪ್ಯಾಕೇಜ್‌ಗೆ ಇವತ್ತು ಡಿಸ್ಕೌಂಟ್ ಇದೆ." ಭಯಪಟ್ಟವನಿಗೆ ಅರ್ಧ ಗಂಟೆಯಲ್ಲಿ ಫೋನ್ ಮಾಡ್ತಾರೆ ಅಂದ್ರೆ, ಅವರ ಸರಕು ರಕ್ತಪರೀಕ್ಷೆ ಅಲ್ಲ ಸ್ವಾಮಿ, ಭಯ.

ಕೆಲವು ದುಬಾರಿ ಪ್ಯಾಕೇಜುಗಳಲ್ಲಿ 'ಕ್ಯಾನ್ಸರ್ ಮಾರ್ಕರ್' ಅಂತ ಸಿಎ-125, ಸಿಇಎ ಕೂಡ ಸೇರಿಸ್ತಾರೆ. ಸಿಎ-125 ಮುಟ್ಟಿನ ಸಮಯದಲ್ಲೂ ಏರಬಹುದು, ಸಿಇಎ ಬೀಡಿ-ಸಿಗರೇಟು ಸೇದೋರಲ್ಲಿ ಸುಮ್ಮನೆ ಏರಿರುತ್ತೆ. ಲಕ್ಷಣವಿಲ್ಲದ ಸಾಮಾನ್ಯ ಜನರಲ್ಲಿ ಕ್ಯಾನ್ಸರ್ ಹುಡುಕೋಕೆ ಇವು ತಕ್ಕ ಪರೀಕ್ಷೆಗಳಲ್ಲ. ಆದರೂ ಮಾರ್ತಾರೆ, ಯಾಕೆಂದರೆ ಕೊಳ್ಳೋರು ಇದ್ದೀವಿ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಸಮಾನ ಉದಾಹರಣೆ ಇದೆ. ಸರ್ವರ್ ಮೇಲೆ ಕಣ್ಣಿಡೋಕೆ ಅಲಾರಂ ಹಾಕ್ತೀವಿ. ಹೊಸ ಹುಡುಗರು ಸಿಕ್ಕಿದ್ದಕ್ಕೆಲ್ಲ ಅಲಾರಂ ಹಾಕ್ತಾರೆ. ರಾತ್ರಿಯಿಡೀ ಫೋನ್ ಹೊಡ್ಕೊಳ್ಳುತ್ತೆ. ಹದಿನೈದು ದಿನ ಆದ ಮೇಲೆ ಡ್ಯೂಟಿಯಲ್ಲಿರೋನು ನೋಡೋದನ್ನೇ ಬಿಡ್ತಾನೆ, ನಿಜವಾಗಿ ಸರ್ವರ್ ಬಿದ್ದ ದಿನ ಮಲಗಿರ್ತಾನೆ. ಅದಕ್ಕೆ ಪರಿಹಾರ ಇನ್ನಷ್ಟು ಅಲಾರಂ ಹಾಕೋದಲ್ಲ. ಯಾವುದು ಬಡಿದರೆ ಏಳಬೇಕು, ಯಾವುದಕ್ಕೆ ಏಳಬಾರದು ಅಂತ ಗೊತ್ತಿರೋ ಒಬ್ಬ ಅನುಭವಸ್ಥ ಕೂತು ಪಟ್ಟಿ ಮಾಡಬೇಕು. ದೇಹಕ್ಕೆ ಆ ಅನುಭವಸ್ಥ ಅಂದ್ರೆ ಡಾಕ್ಟರು. ನಮ್ಮ ಪ್ಯಾಕೇಜ್ ವ್ಯಾಪಾರ ಆ ಒಬ್ಬರನ್ನೇ ತೆಗೆದುಹಾಕಿ ಅಲಾರಂ ಮಾತ್ರ ಮಾರ್ತಿದೆ.

"ಅಯ್ಯೋ, ಜಾಸ್ತಿ ಟೆಸ್ಟ್ ಮಾಡಿಸಿದ್ರೆ ನಷ್ಟ ಏನು?" ಅಂತೀರಾ? ದಕ್ಷಿಣ ಕೊರಿಯಾವನ್ನು ಕೇಳಿ. 1999ರಲ್ಲಿ ಅಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಶುರು ಮಾಡಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ಸ್ವಲ್ಪ ದುಡ್ಡು ಸೇರಿಸಿದರೆ ಕುತ್ತಿಗೆಯ ಸ್ಕ್ಯಾನೂ ಮಾಡ್ತೀವಿ ಅಂತ ಆಸ್ಪತ್ರೆಗಳು ಅಂದವು, ಜನ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕೆ ಹೋಲಿಸಿದರೆ 15 ಪಟ್ಟಾಯ್ತು. ಅದರಿಂದ ಸಾಯೋರ ಪ್ರಮಾಣ? ಇದ್ದಲ್ಲೇ ಇತ್ತು. ಜೀವಮಾನವಿಡೀ ಏನೂ ಮಾಡದೆ ಸುಮ್ಮನಿರುತ್ತಿದ್ದ ಸಣ್ಣ ಗಂಟುಗಳಿಗೆ ಸಾವಿರಾರು ಜನ ಥೈರಾಯ್ಡ್ ತೆಗೆಸಿಕೊಂಡು, ಬದುಕಿಡೀ ಮಾತ್ರೆ ನುಂಗೋ ಹಾಗಾಯ್ತು. ಲಕ್ಷಣವಿಲ್ಲದವರ ಸಾಮಾನ್ಯ ಹೆಲ್ತ್ ಚೆಕಪ್ ಬಗ್ಗೆ ಎರಡೂವರೆ ಲಕ್ಷ ಜನರ ಮೇಲೆ ನಡೆದ ಟ್ರಯಲ್‌ಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆ 2019ರಲ್ಲಿ ಬಂತು. ಚೆಕಪ್ ಮಾಡಿಸಿದವರಿಗೂ ಮಾಡಿಸದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ಆದರೂ ನಾವು ಕ್ಯೂ ನಿಲ್ತೀವಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಬೆಂಗಳೂರಿನ ಹೃದಯದ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. 2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಾ ಟೀವಿಯಲ್ಲಿ ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಸಾಲು. ಆ ಜನರನ್ನು ನಾನು ಗೇಲಿ ಮಾಡಲ್ಲ. ಅವರ ಭಯ ನನ್ನ ಭಯವೇ. ಆದರೆ ಆ ಸಾಲಿನಲ್ಲಿ ಏನೂ ಆಗದವನ ಹಿಂದೆ, ನಿಜವಾಗಿ ಎದೆ ಹಿಂಡಿಕೊಂಡು ನಿಂತವನೊಬ್ಬ ಇರ್ತಾನಲ್ಲ, ಅವನ ಟೋಕನ್ ಎಷ್ಟು ಹಿಂದಕ್ಕೆ ಹೋಯ್ತು?

ಈಗ ನನ್ನ ಸಿಟ್ಟಿನ ಕಾರಣ ಹೇಳ್ತೀನಿ. "ಮೊದಲೇ ಗೊತ್ತಾದರೆ ಒಳ್ಳೇದಲ್ವಾ?" ಅನ್ನೋ ಪ್ರಶ್ನೆಗೂ ಅದೇ ಉತ್ತರ.

ನನ್ನನ್ನು ಎತ್ತಿ ಆಡಿಸಿದ ಸೋದರತ್ತೆ ಅರಸೀಕೆರೆ ಕಡೆಯ ನಮ್ಮೂರಲ್ಲೇ ಇದ್ದಳು. 2021ರಲ್ಲಿ ಹಬ್ಬಕ್ಕೆ ಅಂತ ಅಪ್ಪ, ಅಮ್ಮ, ಅತ್ತೆ ಮೂವರಿಗೂ ನಾನೇ ಒಂದು ಪ್ಯಾಕೇಜ್ ಬುಕ್ ಮಾಡಿಸಿದೆ. ಬೈಕಿನಲ್ಲಿ ಹುಡುಗ ಬಂದ, ರಕ್ತ ತಗೊಂಡ, ಹೋದ. ಅತ್ತೆಯ ರಿಪೋರ್ಟ್ ಬಂತು. ಎಲ್ಲ ಹಸಿರು, ವಿಟಮಿನ್ ಡಿ ಒಂದು ಕಮ್ಮಿ. ಫೋನ್ ಮಾಡಿ, "ಅತ್ತೆ, ನೀನು ನೂರು ವರ್ಷ ಇರ್ತೀಯ" ಅಂದೆ. ಆ ಹೊತ್ತಿಗೆ ಅವಳ ಎಡ ಸ್ತನದಲ್ಲಿ ಹುಣಸೆಬೀಜದಷ್ಟು ಗಂಟಿತ್ತು. ನೋವಿರಲಿಲ್ಲ. ಅವಳು ಅರಿಶಿನ ಅರೆದು ಹಚ್ಚಿಕೊಂಡು ಸುಮ್ಮನಿದ್ದಳು. ಬಿಪಿ ನೋಡೋಕೆ ಬರ್ತಿದ್ದ ಆಶಾ ಕಾರ್ಯಕರ್ತೆಗೆ ಮಂಡಿನೋವು ಮಾತ್ರ ಹೇಳಿದ್ದಳು. ಮುಂದಿನ ವರ್ಷ ಬೆಂಗಳೂರಿಗೆ ಕರೆತಂದಾಗ ಮೂಳೆಗೆ ಹರಡಿತ್ತು. ಯಾಕತ್ತೆ ಹೇಳಲಿಲ್ಲ ಅಂದರೆ, "ನೀನೇ ಟೆಸ್ಟ್ ಮಾಡಿಸಿದ್ಯಲ್ಲಪ್ಪ, ಎಲ್ಲ ಸರಿ ಇದೆ ಅಂತ ಬಂತಲ್ಲ" ಅಂದಳು.

ಸ್ತನದ ಗಂಟು ರಕ್ತಪರೀಕ್ಷೆಯಲ್ಲಿ ಕಾಣಲ್ಲ. ಕೈಯಿಟ್ಟು ನೋಡಬೇಕು. ಬೈಕಿನಲ್ಲಿ ಬಂದ ಹುಡುಗನ ತಪ್ಪಲ್ಲ ಅದು. ಒಬ್ಬ ಡಾಕ್ಟರು, ಒಬ್ಬ ನರ್ಸು "ಅಮ್ಮಾ, ಎಲ್ಲಾದ್ರೂ ಗಂಟಿದೆಯಾ?" ಅಂತ ಕೇಳೋ ಜಾಗದಲ್ಲಿ ನಾನು 72 ಸಂಖ್ಯೆ ಇಟ್ಟೆ. ಅತ್ತೆ 54ಕ್ಕೆ ಹೋದಳು. ಅವಳು ಹೋದ ಎಂಟು ತಿಂಗಳಿಗೆ ನನ್ನ ಮೀನಖಂಡ ಅದುರಿತು. ಇವೆರಡಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತಾಗೋಕೆ ಇನ್ನೂ ಒಂದು ವರ್ಷ ಬೇಕಾಯ್ತು.

ಏನೂ ಆಗದ ನನಗೆ ಪ್ಯಾಕೇಜ್ ಮೂರು ಕೆಂಪಕ್ಷರ ಕೊಟ್ಟಿತು. ಸಾವು ಹತ್ತಿರ ಬಂದಿದ್ದ ಅತ್ತೆಗೆ ಹಸಿರು ಕೊಟ್ಟಿತು. ಹಾಗಾಗಿ ತಪಾಸಣೆಯೇ ಬೇಡ ಅಂತ ನಾನು ಹೇಳ್ತಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿಯ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್, ಈ ಐದನ್ನು ನೋಡೋ ಸರ್ಕಾರಿ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲೇ ಇದೆ, ಪುಕ್ಕಟೆ. ಪಟ್ಟಿ ಚಿಕ್ಕದು, ಅದರ ಹಿಂದೆ ಕಾರಣ ಇದೆ. ಅದರ ಆಚೆಗೆ, ಲಕ್ಷಣ ಇದ್ದವರು ಟೆಸ್ಟಿಗೆ ಹೋಗಬೇಡಿ, ಡಾಕ್ಟರ ಹತ್ರ ಹೋಗಿ. ಟೆಸ್ಟ್ ಬೇಕಾ ಅಂತ ಅವರು ಹೇಳಲಿ.

ಇನ್ನು ಮೊದಲನೇ ಉತ್ತರ, "ಏನೂ ಇಲ್ಲ ಬಿಡೋ." ಇದನ್ನು ಹೇಳೋರಿಗೆ ಒಂದು ಮಾತು. ಏನೋ ಇದೆ. ಕಾಲಲ್ಲಿ ಇಲ್ಲದಿರಬಹುದು, ಭಯದಲ್ಲಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಿಂದ 'ಹೈಪೊಕಾಂಡ್ರಿಯಾಸಿಸ್' ಅನ್ನೋ ಹಳೇ ಹೆಸರನ್ನೇ ಕೈಬಿಟ್ಟು 'ಇಲ್‌ನೆಸ್ ಆಂಗ್ಸೈಟಿ ಡಿಸಾರ್ಡರ್' ಅಂತ ಹೊಸ ಹೆಸರು ಸೇರಿಸಿತು. ಹಳೇ ಹೆಸರು ಬೈಗುಳವಾಗಿಬಿಟ್ಟಿತ್ತು. ಇದಕ್ಕೆ ಚಿಕಿತ್ಸೆ ಇದೆ. ಇಂಗ್ಲೆಂಡಿನ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಬರ್ತಿದ್ದ ಇಂಥ 444 ಜನರ ಮೇಲೆ ಟ್ರಯಲ್ ನಡೆದಿದೆ. ಕೆಲವೇ ಸಿಟಿಂಗ್‌ಗಳ ಮಾತಿನ ಚಿಕಿತ್ಸೆ. ಅದರ ಫಲ ಐದು ವರ್ಷದ ನಂತರವೂ ಉಳಿದಿತ್ತು. "ಚಿತೆ ಸತ್ತವರನ್ನು ಸುಡುತ್ತೆ, ಚಿಂತೆ ಬದುಕಿರೋರನ್ನ ಸುಡುತ್ತೆ" ಅಂತ ಗಾದೆ ಹೇಳೋಕೆ ನಮಗೆ ಗೊತ್ತು. ಸುಡ್ತಿರೋ ಮನುಷ್ಯ ಎದುರಿಗೆ ಬಂದರೆ "ತಲೆ ಕೆಡಿಸ್ಕೋಬೇಡ" ಅಂತೀವಿ. ಕೆಟ್ಟಿರೋದೇ ಅದು!

ನಾನು ಕೊನೆಗೆ ಹೋಗಿದ್ದು ಮನೋವೈದ್ಯರ ಹತ್ರ. ನಾಚಿಕೆಯಿಂದ, ಯಾರಿಗೂ ಹೇಳದೆ, ಅತ್ತೆ ಗಂಟು ಮುಚ್ಚಿಟ್ಟ ಹಾಗೆಯೇ. ಅಲ್ಲಿ ಮೊದಲ ಸಲ ನನ್ನ ಕಾಲಿನ ಬಗ್ಗೆ ಯಾರೂ ಸಮಾಧಾನ ಹೇಳಲಿಲ್ಲ. ಮನೆಪಾಠ ಕೊಟ್ಟರು. ಟೇಪ್ ಹೆಂಡತಿ ಕೈಗೆ ಕೊಡಬೇಕು. ಅಳೀಬೇಕು ಅನ್ನಿಸಿದಾಗ ಅರ್ಧ ಗಂಟೆ ತಡಮಾಡಬೇಕು, ಮುಂದಿನ ವಾರ ಒಂದು ಗಂಟೆ. ಲಕ್ಷಣಗಳನ್ನು ಹುಡುಕಿ ಓದೋದು ಬಂದ್. "ನಂಗೇನೂ ಆಗಿಲ್ಲ ಅಲ್ವಾ?" ಅಂತ ನಾನು ಕೇಳಿದರೆ ಹೆಂಡತಿ ಉತ್ತರ ಕೊಡಬಾರದು. ನೋಡಲೇಬೇಕಾದ ಲಕ್ಷಣಗಳು ಎರಡೇ: ಕಾಲು ಎತ್ತಲು ಆಗದಿದ್ದರೆ, ಕೈಯಿಂದ ವಸ್ತು ಜಾರತೊಡಗಿದರೆ, ಅದೇ ನ್ಯೂರಾಲಜಿಸ್ಟ್ ಹತ್ರ ವಾಪಸ್. ಮಿಕ್ಕಿದ್ದು ಅದುರಲಿ. ಮೊದಲ ಎರಡು ವಾರ ನರಕ. ನಾಲ್ಕನೇ ತಿಂಗಳಲ್ಲಿ ಒಂದಿನ ಸಂಜೆ, ಇಡೀ ದಿನ ಕಾಲಿನ ನೆನಪೇ ಆಗಿಲ್ಲ ಅಂತ ಹೊಳೆಯಿತು.

ದುಡ್ಡಿನ ಮಾತೂ ಆಗಿಬಿಡಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ವೈದ್ಯರ ತನಕ ಹೋಗಲು ಧೈರ್ಯ ಬರದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು, ಪುಕ್ಕಟೆ, ಕನ್ನಡದಲ್ಲೂ ಮಾತಾಡ್ತಾರೆ. ಇಷ್ಟಿದ್ದೂ ನಮ್ಮ ಕಂಪನಿಗಳ 'ವೆಲ್‌ನೆಸ್' ಅಂದ್ರೆ ವರ್ಷಕ್ಕೊಂದು ಸಲ ಕಾನ್ಫರೆನ್ಸ್ ರೂಮಿನಲ್ಲಿ ರಕ್ತ ತೆಗೆಯೋದು. ಆ ಸಂಖ್ಯೆಗಳನ್ನು ಎದುರು ಕೂತು ವಿವರಿಸೋ ಒಬ್ಬ ಡಾಕ್ಟರನ್ನೂ ಜೊತೆಗೆ ಕರೆಸಿ ಅಂತ ಎಚ್‌ಆರ್‌ಗೆ ಎರಡು ಸಲ ಮೇಲ್ ಮಾಡಿದ್ದೀನಿ. ಉತ್ತರ ಬಂದಿಲ್ಲ, ಪ್ಯಾಕೇಜ್ ಲಿಂಕ್ ಬಂದಿದೆ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಪ್ಯಾಕೇಜ್ ಬುಕ್ ಮಾಡಲಿಲ್ಲ. ಅಮ್ಮನನ್ನೂ ಚಿಕ್ಕಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಒಳಗೆ ನರ್ಸಮ್ಮ ಬಾಗಿಲು ಹಾಕಿಕೊಂಡು ಕಾಲು ಗಂಟೆ ಮಾತಾಡಿಸಿ, ನೋಡಿ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತಿದ್ದಾಗ ಮೀನಖಂಡ ಅದುರಿತು. ಈಗಲೂ ಅದುರುತ್ತೆ. ನೋಡೋಕೆ ಪ್ಯಾಂಟ್ ಮಡಚಲಿಲ್ಲ.